ಕಿವಿಯಲ್ಲಿದ್ದೂ ಕೇಳಿಸದ ಸುದ್ದಿ

ನನ್ನ ಮೊಮ್ಮಗಳು ಹುಟ್ಟಿದ ಸುದ್ದಿ ಮೊದಲು ಇಡೀ ಛತ್ರಕ್ಕೆ ಗೊತ್ತಾಯಿತು. ಆಫೀಸಿನವರಿಗೆ, ಊಟದ ಹಾಲಿನವರಿಗೆ, ಪಾತ್ರೆ ತೊಳೆಯುವ ಹೆಂಗಸರಿಗೆ, ಯಾರದೋ ನಿಶ್ಚಿತಾರ್ಥಕ್ಕೆ ಬಂದು ಎಲೆ ಮುಂದೆ ಕೂತಿದ್ದ ನೆಂಟರಿಗೆ ಕೂಡ. ಕಟ್ಟಕಡೆಗೆ ಗೊತ್ತಾದದ್ದು ನನಗೆ. ಸ್ಕೂಲಿಗೆ ಹೋದದ್ದು ನಾಲ್ಕನೇ ಕ್ಲಾಸಿನ ತನಕ, ಬರೆಯೋದು ಅಷ್ಟಾಗಿ ಬರೋದಿಲ್ಲ. ಆದರೂ ಇದನ್ನ ಬರೆಯದೆ ಇರೋಕೆ ಆಗ್ತಿಲ್ಲ, ಎದೆ ತುಂಬಿ ಚೆಲ್ತಾ ಇದೆ.

ನಾನಾಗ ಚಾಮರಾಜಪೇಟೆಯ ಒಂದು ಮದುವೆ ಛತ್ರದಲ್ಲಿ ಗೇಟು ಕಾಯುತ್ತಿದ್ದೆ. ಛತ್ರದಲ್ಲಿ ನಾಲ್ಕು ವಾಕಿಟಾಕಿ: ಆಫೀಸಿಗೆ ಒಂದು, ಊಟದ ಹಾಲಿಗೆ ಒಂದು, ಅಡುಗೆಮನೆಗೆ ಒಂದು, ಗೇಟಿಗೆ ಒಂದು. ನಮ್ಮವಳು ತೀರಿಹೋದ ಮೇಲೆ ಗವಿಪುರದ ನನ್ನ ಎರಡು ರೂಮಿನ ಮನೆಯಲ್ಲಿ ಮಾತು ಅನ್ನೋದು ಇರಲಿಲ್ಲ. ಮಗಳು ಮದುವೆಯಾಗಿ ಹೋಗಿದ್ದಳು. ಬೆಳಿಗ್ಗೆ ಛತ್ರಕ್ಕೆ ಬಂದು ವಾಕಿಟಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಾಕು, ಮನೆ ತುಂಬ ಜನ ಇದ್ದ ಹಾಗೆ.

"ಗೇಟು, ಹಾಲಿನ ಗಾಡಿ ಬಂತೇನ್ರೀ?"

"ಹುಳಿಗೆ ಉಪ್ಪು ಹಾಕಿದ್ಯೇನೋ, ಇಲ್ಲ ನಾನೇ ಬಂದು ಕಣ್ಣೀರು ಹಾಕ್ಬೇಕಾ?"

ಅದು ನನಗೆ ಹೇಳಿದ್ದಲ್ಲ, ಆದರೂ ನಾನು ಒಬ್ಬನೇ ಗೇಟಿನ ಹತ್ತಿರ ನಿಂತು ನಗುತ್ತಿದ್ದೆ.

ಆ ನಗು ನಿಂತದ್ದು ಒಂದು ಮುಹೂರ್ತದ ದಿನ. ಹುಡುಗ ತಾಳಿ ಕೈಗೆ ತಗೊಂಡಿದ್ದಾನೆ, ಮಂಟಪದ ಪಕ್ಕದಲ್ಲಿ ನಿಂತಿದ್ದ ನಮ್ಮ ಮ್ಯಾನೇಜರ ವಾಕಿಟಾಕಿಯಿಂದ ಅಡುಗೆ ಭಟ್ಟರ ದನಿ ಜೋರಾಗಿ ಬಂತು: "ಪಾಯಸ ಸಾಲಲ್ಲ, ಲೋಟ ಚಿಕ್ಕದು ಮಾಡಿ!" ಹೆಣ್ಣಿನ ತಂದೆ ಕೆಂಡವಾದರು. ಮುಂದಿನ ತಿಂಗಳೇ ಛತ್ರದ ಯಜಮಾನರು ಕಿವಿಗೆ ಹಾಕೋ ಸಾಮಾನು ತರಿಸಿದರು. ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಅಡಾಪ್ಟರ್ ಅಂತ ಅದರ ಹೆಸರು. ವಾಕಿಟಾಕಿಯ ಪಕ್ಕಕ್ಕೆ ಇಟ್ಟು ತಿರುಪು ಬಿಗಿಯೋದು. ಕಿವಿಗೆ ಹಾಕೋದು ಬೇರೆ, ಎರಡಕ್ಕೂ ನಡುವೆ ವೈರ್ ಇಲ್ಲ. ಡಬ್ಬಿ ಕೂರಿಸಿದ ಕೂಡಲೇ ವಾಕಿಟಾಕಿಯ ಸ್ಪೀಕರ್ ಬಾಯಿ ಮುಚ್ಚುತ್ತೆ. ದನಿಯೆಲ್ಲ ಕಿವಿಯೊಳಕ್ಕೇ, ನಾವು ಆಡೋ ಮಾತೂ ಆ ಕಿವಿಯದರ ಮೂಲಕವೇ.

ಕೂರಿಸೋಕೆ ಬಂದವನು ಹೇಳಿದ: "ಈ ಡಬ್ಬಿಗೆ ಈ ಕಿವಿ, ಜೋಡಿ ಮಾಡಿಟ್ಟಿದೀನಿ. ಹತ್ತು ಹೆಜ್ಜೆ ಒಳಗೇ ಇರ್ಬೇಕು. ಅದಲುಬದಲು ಮಾತ್ರ ಮಾಡ್ಬೇಡಿ."

"ಆಯ್ತಪ್ಪ, ಗಂಡ ಹೆಂಡ್ತಿ ಅನ್ನು," ಅಂದರು ಭಟ್ಟರು.

ಆಮೇಲೆ ಗೇಟು ಮೌನವಾಯಿತು. ಮಾತು ಬರುತ್ತಿತ್ತು, ಆದರೆ ಯಾರೋ ಗುಟ್ಟು ಹೇಳಿದ ಹಾಗೆ, ನನ್ನೊಬ್ಬನಿಗೆ. ಹರಟೆ ನಿಂತುಹೋಯಿತು, ಕಿವಿಯೊಳಗೆ ಯಾರೂ ಹರಟೆ ಹೊಡೆಯೋದಿಲ್ಲ, ಕೆಲಸದ ಮಾತು ಅಷ್ಟೇ. ಎದುರಿನ ಬೀಡಾ ಅಂಗಡಿಯವನು, ಮೊದಲೆಲ್ಲ ನಮ್ಮ ಜಗಳ ಕೇಳೋಕೆ ಕಿವಿಗೊಟ್ಟು ಕೂತಿರುತ್ತಿದ್ದವನು, "ಏನ್ರೀ, ಒಬ್ರೇ ಮಾತಾಡ್ಕೊಳ್ತೀರಾ ಈಗ?" ಅಂತ ಕೇಳಿದ.

ಅಷ್ಟರಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಬೀಗರು, "ಅಮ್ಮ ಇಲ್ಲದ ಮನೆ, ನಮ್ಮಲ್ಲೇ ಆಗ್ಲಿ ಬಿಡಿ," ಅಂದಿದ್ದರು. ನಾನು ಒಪ್ಪಲಿಲ್ಲ. ತವರು ಅಂದರೆ ಈಗ ನಾನೊಬ್ಬನೇ ಇರಬಹುದು, ಆದರೂ ತವರು ತಾನೇ? ಮಗಳು ಕೇಳಿದ್ದು ಒಂದೇ. "ಅಪ್ಪ, ಅಮ್ಮನ ಆ ಹಳೇ ನೀಲಿ ಸೀರೆ ಇದ್ಯಲ್ಲ, ಮಗೂನ ಮೊದ್ಲು ಅದರಲ್ಲೇ ಸುತ್ಬೇಕು. ನೀನೇ ಸುತ್ಬೇಕು."

ನೂಲಿನ ಸೀರೆ, ಉಟ್ಟು ಉಟ್ಟು ಮೆತ್ತಗಾದದ್ದು. ನಾಲ್ಕು ತುಂಡು ಮಾಡಿ, ಕುದಿಯೋ ನೀರಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ ಚೀಲದಲ್ಲಿಟ್ಟೆ. ಒಣಗುವಾಗ ಹಗ್ಗದ ಪಕ್ಕದಲ್ಲೇ ಕೂತಿದ್ದೆ, ಕಾಗೆ ಮುಟ್ಟಬಾರದು ಅಂತ.

ವಿಜಯದಶಮಿ ಬೆಳಿಗ್ಗೆ ಮಗಳಿಗೆ ನೋವು ಬಂತು. ತ್ಯಾಗರಾಜನಗರದ ಹೆರಿಗೆ ಆಸ್ಪತ್ರೆಗೆ ಸೇರಿಸಿದೆ. "ಇನ್ನೂ ಹೊತ್ತಾಗತ್ತೆ. ಗಂಡಸರು ಒಳಗೆ ಬರೋ ಹಾಗಿಲ್ಲ," ಅಂದರು ಅಲ್ಲಿಯವರು. ಅಳಿಯ, "ಮಾವ, ನೀವು ಕೆಲಸಕ್ಕೆ ಹೋಗಿ. ಆದ ತಕ್ಷಣ ಛತ್ರದ ಆಫೀಸಿಗೆ ಫೋನ್ ಮಾಡ್ತೀನಿ," ಅಂದ. ನನ್ನ ಹತ್ತಿರ ಮೊಬೈಲ್ ಇರಲಿಲ್ಲ. ಛತ್ರದಲ್ಲಿ ನಿಶ್ಚಿತಾರ್ಥ ಬೇರೆ ಇತ್ತು. ಸೀರೆಯ ಚೀಲ ಹೆಗಲಿಗೆ ಹಾಕಿಕೊಂಡೇ ಹೋದೆ.

ಇಲ್ಲೊಂದು ಮಾತು ಹೇಳಬೇಕು. ಹಿಂದಿನ ದಿನ ಆಯುಧಪೂಜೆ. ನಾವು ವಾಕಿಟಾಕಿಗಳನ್ನೂ ಮಣೆ ಮೇಲೆ ಸಾಲಾಗಿಟ್ಟು ಪೂಜೆ ಮಾಡಿದ್ದೆವು. ಕುಂಕುಮ, ಗಂಧ ಡಬ್ಬಿಗಳ ಒಳಗೆ ಹೋದೀತು ಅಂತ ನಾನೇ ಬುದ್ಧಿವಂತಿಕೆ ಮಾಡಿ ನಾಲ್ಕು ಡಬ್ಬಿಗಳನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ. ಪೂಜೆಯಾದ ಮೇಲೆ ಒರೆಸಿ, ನಾನೇ ತಿರುಪು ಬಿಗಿದೆ. ನಾಲ್ಕೂ ಒಂದೇ ಥರ ಕಪ್ಪಗೆ. ಯಾವುದು ಯಾವುದರದ್ದು ಅಂತ ನೋಡಲಿಲ್ಲ.

ಆಸ್ಪತ್ರೆಯಿಂದ ಛತ್ರಕ್ಕೆ ಬಂದ ಮೇಲೆ ಆಫೀಸ್ ರೂಮಲ್ಲಿ ಪರೀಕ್ಷೆ ಮಾಡಿದಾಗ ಎಲ್ಲರ ಕಿವಿಗೂ ಚೆನ್ನಾಗಿ ಕೇಳಿಸಿತು, ನಾಲ್ಕೂ ಒಂದೇ ರೂಮಲ್ಲಿದ್ದವಲ್ಲ. ಅಲ್ಲೇ ನಿಂತು ಮ್ಯಾನೇಜರಿಗೆ ಮೂರು ಸಲ ಹೇಳಿದೆ, ಫೋನು ಬಂದರೆ ತಿಳಿಸಿ ಅಂತ. "ಹೆರೋದು ನಿಮ್ಮ ಮಗಳು, ನೋವು ತಿನ್ನೋದು ನಾನು! ಹೇಳ್ತೀನಿ ಹೋಗ್ರೀ," ಅಂದರು.

ಗೇಟಿಗೆ ಬಂದು ನಿಂತೆ. ಹತ್ತು ಗಂಟೆ, ಹನ್ನೊಂದು. ಕಿವಿಯಲ್ಲಿ ಏನೂ ಇಲ್ಲ. ಗುಂಡಿ ಒತ್ತಿ, "ಫೋನ್ ಬಂತಾ ಸಾರ್?" ಅಂದೆ. ಜವಾಬಿಲ್ಲ. ಬೇಸರ ಮಾಡಿಕೊಂಡರು ಅಂದುಕೊಂಡು ಆಮೇಲೆ ಕೇಳಲಿಲ್ಲ. ಕಾರುಗಳು ಬಂದವು, ರೇಷ್ಮೆ ಸೀರೆಯವರು ಇಳಿದರು, ಒಬ್ಬರನ್ನೊಬ್ಬರು ಕೂಗಿ ಕರೆದುಕೊಂಡು ಒಳಗೆ ಹೋದರು. ಅಷ್ಟು ಜನ ನನ್ನ ಮುಂದೆ ಹಾದುಹೋಗ್ತಾ ಇದ್ದರೂ ನೀರಿನೊಳಗೆ ನಿಂತ ಹಾಗಿತ್ತು ನನಗೆ. ನಮ್ಮವಳೊಬ್ಬಳು ಇದ್ದಿದ್ದರೆ ಆಸ್ಪತ್ರೆ ಬಾಗಿಲಲ್ಲಿ ಅವಳು ಇರುತ್ತಿದ್ದಳು, ನಾನು ಇಲ್ಲಿ ಧೈರ್ಯವಾಗಿ ನಿಂತಿರುತ್ತಿದ್ದೆ. ಚೀಲದೊಳಗೆ ಕೈ ಹಾಕಿ ಸೀರೆ ಮುಟ್ಟಿ ನೋಡ್ತಿದ್ದೆ. ಎಷ್ಟು ಸಲವೋ.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಅಡುಗೆ ಭಟ್ಟರು ಎಲೆ ಅಡಿಕೆಗೆ ಅಂತ ಹೊರಗೆ ಬಂದರು. ನನ್ನ ನೋಡಿ ಅಲ್ಲೇ ನಿಂತುಬಿಟ್ಟರು.

"ರೀ! ಇನ್ನೂ ಇಲ್ಲೇ ಇದೀರಾ? ತಾತ ಆಗಿ ಒಂದು ಗಂಟೆ ಆಯ್ತಲ್ರೀ! ಹೆಣ್ಣು ಮಗು!"

"ಯಾರು ಹೇಳಿದ್ರು?"

"ಊಟದ ಹಾಲಲ್ಲೆಲ್ಲಾ ಅದೇ ಮಾತು! ಮ್ಯಾನೇಜರು ನಿಮ್ಮನ್ನ ಹತ್ತು ಸಲ ಕೂಗಿದ್ರಂತೆ. ಜವಾಬಿಲ್ಲ, ಆಗ್ಲೇ ಓಡಿಹೋಗಿರ್ತಾರೆ ಅಂದ್ಕೊಂಡ್ವಿ!"

"ನಿಮ್ಮ ಕಿವಿಗೆ ಬರ್ಲಿಲ್ವಾ?"

"ಅಡುಗೆಮನೇಲಿ ನಾನು ಅದನ್ನ ಹಾಕ್ಕೊಳ್ಳೋದೇ ಇಲ್ಲ. ಒಗ್ಗರಣೆ ಸದ್ದಲ್ಲಿ ಯಾವನಿಗೆ ಕೇಳತ್ತೆ?"

ಆಗ ಹೊಳೆಯಿತು, ಪೂಜೆಯ ದಿನ ಡಬ್ಬಿ ಅದಲುಬದಲು ಮಾಡಿದ್ದು ನಾನೇ. ಭಟ್ಟರ ಡಬ್ಬಿ ನನ್ನ ಸೊಂಟದಲ್ಲಿತ್ತು. ನನ್ನ ಕಿವಿಗೆ ಜೋಡಿಯಾದ ಡಬ್ಬಿ ಅಡುಗೆಮನೆಯಲ್ಲಿ, ಭಟ್ಟರ ವಾಕಿಟಾಕಿಯಲ್ಲಿ, ಹಿಟ್ಟಿನ ಡಬ್ಬದ ಮೇಲೆ ಒಂಟಿಯಾಗಿ ಕೂತಿತ್ತು. ತಿರುಪು ಬಿಚ್ಚಿ ಡಬ್ಬಿ ಕಿತ್ತೆ. ಸ್ಪೀಕರ್ ಬಾಯಿ ಬಿಟ್ಟಿತು, ರಸ್ತೆಗೆಲ್ಲ ಕೇಳೋ ಹಾಗೆ ಮ್ಯಾನೇಜರ ದನಿ:

"...ಪಾಪ, ಈಗ ಅಲ್ಲಿ ಮಗು ಎತ್ಕೊಂಡು ಅಳ್ತಾ ಇರ್ತಾರೆ."

ಗುಂಡಿ ಒತ್ತಿ, "ಸಾರ್, ನಾನು ಗೇಟಲ್ಲೇ ಅಳ್ತಾ ಇದೀನಿ," ಅಂದೆ.

"ಅಯ್ಯೋ, ಮೊದ್ಲು ಹೋಗ್ರೀ! ಗೇಟು ನಾನು ನೋಡ್ಕೋತೀನಿ!"

ಭಟ್ಟರೇ ಆಟೋ ನಿಲ್ಲಿಸಿದರು. ದಾರಿಯುದ್ದಕ್ಕೂ ಒಂದೇ ಯೋಚನೆ: ಯಾರಾದರೂ ಬೇರೆ ಬಟ್ಟೆ ಸುತ್ತಿರ್ತಾರೆ. ಒಂದು ಗಂಟೆ ಅಂದರೆ ಕಡಿಮೆಯೇ?

ಆಸ್ಪತ್ರೆ ಬಾಗಿಲಲ್ಲೇ ಬೀಗಿತ್ತಿ ಸಿಕ್ಕರು. ಕೈಯಲ್ಲಿ ಹೊಸ ಟವಲು, ಮಡಿಕೆ ಕೂಡ ಬಿಚ್ಚಿಲ್ಲ. "ಏನ್ರೀ ಬೀಗರೇ, ನಿಮ್ಮ ಮಗಳು ನನಗೆ ಮುಟ್ಟೋಕೇ ಬಿಡ್ಲಿಲ್ಲ! ಅಪ್ಪ ಬರ್ಲಿ ಅಂತ ಒಂದೇ ಹಟ. ಕೂಸು ಇನ್ನೂ ಆಸ್ಪತ್ರೆ ಬಟ್ಟೇಲೇ ಇದೆ."

ಒಳಗೆ ಬಿಟ್ಟರು. ಮಗಳು ಸುಸ್ತಾಗಿದ್ದಳು. "ಎಲ್ಲಿ ಹೋಗಿದ್ದೆ ಅಪ್ಪ?" ಅಂದಳು. ಚೀಲದಿಂದ ಸೀರೆ ತುಂಡು ತೆಗೆದು ಮಂಚದ ಮೇಲೆ ಹಾಸಿ, ಆ ಕೆಂಪು ಉಂಡೆಯನ್ನ ಮಧ್ಯೆ ಮಲಗಿಸಿ, ನಮ್ಮವಳು ಮಗಳನ್ನ ಸುತ್ತುತ್ತಿದ್ದದ್ದು ನೆನೆಸಿಕೊಂಡು ಸುತ್ತಿದೆ. ಮೊದಲು ಎಡಗಡೆ, ಆಮೇಲೆ ಕಾಲಿನ ಕಡೆ, ಆಮೇಲೆ ಬಲಗಡೆ. ಸರಿಯಾಯಿತಾ ಅಂತ ಕೇಳೋಕೆ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಗೋಡೆ ಇತ್ತು.

"ಅಪ್ಪ, ಕಿವೀಲೇನದು?" ಮಗಳು ನಕ್ಕಳು, ನಗೋಕೆ ನೋವಾಗ್ತಿದ್ದರೂ.

ಛತ್ರದ ಆ ಸಾಮಾನು ಇನ್ನೂ ಕಿವಿಯಲ್ಲೇ ಇತ್ತು. ತೆಗೆದು ಜೇಬಿಗೆ ಹಾಕಿ, ಕೂಸನ್ನ ಎತ್ತಿ ಅದೇ ಕಿವಿಯ ಹತ್ತಿರ ಹಿಡಿದುಕೊಂಡೆ. ಅಷ್ಟು ಹೊತ್ತು ಸುಮ್ಮನಿದ್ದದ್ದು ಒಂದೇ ಸಲಕ್ಕೆ ಕಿರುಚಿತು ನೋಡಿ! ಕಿವಿ ಗುಂಯ್ ಅಂತು. ನಾನು ಮಾತ್ರ ದೂರ ಹಿಡಿಯಲಿಲ್ಲ.