ತೊಳೆಯದ ಜೀನ್ಸು, ಸಡಿಲವಾದ ಸೊಂಟ

ಬೆಳಿಗ್ಗೆ ಐದೂಮುಕ್ಕಾಲಿಗೆ ರಾಧಾಮಣಿ ಗಂಡನ ಬೆಲ್ಟನ್ನು ಮಣೆಯ ಮೇಲಿಟ್ಟು ದಬ್ಬಳದಿಂದ ಇನ್ನೊಂದು ತೂತು ಕೊರೆದಳು. ಮಾರ್ಚಿಯಿಂದೀಚೆಗೆ ಇದು ಮೂರನೆಯದು. ಅಶ್ವತ್ಥ ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಜಾರುವ ಜೀನ್ಸು ಹಿಡಿದು ನಿಂತಿದ್ದ.

‘ಬೇಗ ಕೊಡೆ. ಬಸ್ ಸ್ಟ್ಯಾಂಡಲ್ಲಿ ಕೆಂಪಯ್ಯ ಬಾಯಿ ಬಡ್ಕೊಂತಿರ್ತಾನೆ.’

‘ಇದೆಂಥ ಪ್ಯಾಂಟ್ರೀ, ದಿನಾ ಹಿಗ್ತಾನೇ ಐತೆ.’

‘ಹೊಲಿದೋಳು ನೀನು, ಕೇಳೋದು ನನ್ನ!’

ಮೇ ತಿಂಗಳ ಕೊನೆಯ ವಾರ. ನಲವತ್ತಾರರ ಅಶ್ವತ್ಥ ಕೊರಟಗೆರೆಯಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಕೆಂಪಯ್ಯ ಅದರ ಕಂಡಕ್ಟರ್. ರಾಧಾಮಣಿ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಒಂಬತ್ತು ವರ್ಷ ಜೀನ್ಸಿಗೆ ಸೊಂಟಪಟ್ಟಿ ಕೂರಿಸಿ, ಮಧುಗಿರಿಗೆ ವಾಪಸಾಗಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು.

ಆ ಜೀನ್ಸಿನ ಬಟ್ಟೆ ಬಂದದ್ದು ಜನವರಿಯಲ್ಲಿ. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ನವೀನ್ ಕುಮಾರ್ ದಿನವೂ ಅಶ್ವತ್ಥನ ಬಸ್ಸಿನಲ್ಲೇ ಓಡಾಡುವವನು. ಡ್ರೈವರ್ ಹೆಂಡತಿ ಟೈಲರ್ ಎಂದು ತಿಳಿದು, ಎರಡು ಪ್ಯಾಂಟಿಗಾಗುವಷ್ಟು ಕಡುನೀಲಿ ಬಟ್ಟೆ ತಂದುಕೊಟ್ಟ. ಹಲಗೆಯ ಹಾಗೆ ಬಿರುಸು. ಮುಟ್ಟಿದರೆ ಬೆರಳಿಗೆ ನೀಲಿ.

‘ರಾತ್ರಿ ನೀರಿಗೆ ಹಾಕಿ ನಾಳೆ ಕತ್ತರಿಸ್ತೀನಿ’ ಎಂದಳು. ಹತ್ತಿಬಟ್ಟೆ ಯಾವುದೇ ಬರಲಿ, ನೆನೆಹಾಕಿ ಒಣಗಿಸದೆ ಅವಳು ಕತ್ತರಿ ಹಿಡಿಯುವುದಿಲ್ಲ.

‘ಅಯ್ಯೋ ಬೇಡ ಅಕ್ಕ! ಇದು ರಾ ಡೆನಿಮ್. ಹೊಲಿದ ಮೇಲೇನೆ ನೀರು ಕಾಣ್ಬೇಕು. ಉಳಿದದ್ರಲ್ಲಿ ಅಣ್ಣಂಗೊಂದು ಹೊಲೀರಿ.’

ಅಂಗಡಿಯಲ್ಲಿ ಸಿಗುವ ಜೀನ್ಸು ಹೆಚ್ಚಾಗಿ ಮೊದಲೇ ಒಗೆದದ್ದು. ಕಾರ್ಖಾನೆಯಲ್ಲೇ ಕುಗ್ಗಿ, ಮೆತ್ತಗಾಗಿ, ಬಣ್ಣ ಬಿಟ್ಟು ಬಂದಿರುತ್ತದೆ. ರಾ ಡೆನಿಮ್‌ಗೆ ಅದೊಂದೂ ಆಗಿರುವುದಿಲ್ಲ. ಮಗ್ಗದಿಂದ ಇಳಿದ ಹಾಗೇ ಇರುತ್ತದೆ. ಮೊದಲ ಬಿಸಿನೀರಿಗೆ ಕುಗ್ಗುತ್ತದೆ. ಆಮೇಲೆ ತೊಟ್ಟವರ ಮೈಗೆ ತಕ್ಕಂತೆ ಅಲ್ಲಲ್ಲಿ ಹಿಗ್ಗಿ, ಮಡಿಕೆ ಬಿದ್ದಲ್ಲಿ ಬೆಳ್ಳಗಾಗುತ್ತದೆ. ಹಾಗೆ ಮೈಗೆ ಕೂರಲೆಂದೇ ಕೆಲವರು ಆರು ತಿಂಗಳು ಒಗೆಯುವುದೇ ಇಲ್ಲ.

ರಾಧಾಮಣಿ ಹತ್ತು ಇಂಚಿನ ಚೌಕವೊಂದನ್ನು ಕತ್ತರಿಸಿ ಬಿಸಿನೀರಿಗೆ ಹಾಕಿ ನೋಡಿದಳು. ಒಣಗಿದಾಗ ಉದ್ದದಲ್ಲಿ ಮುಕ್ಕಾಲು ಇಂಚು, ಅಗಲದಲ್ಲಿ ಅರ್ಧ ಇಂಚು ಹೋಗಿತ್ತು. ಅಳತೆ ಪುಸ್ತಕದಲ್ಲಿ ಗಂಡನ ಸೊಂಟ ಮೂವತ್ತನಾಲ್ಕು ಎಂದು ಬರೆದುಕೊಂಡು, ಮೂವತ್ತಾರಕ್ಕೆ ಕತ್ತರಿಸಿದಳು.

ಮೊದಲ ನೀರನ್ನು ತೊಟ್ಟುಕೊಂಡೇ ಕಾಣಿಸಬೇಕೆಂದು ನವೀನ್ ಕುಮಾರ್ ಹೇಳಿದ್ದ. ಒಂದು ಭಾನುವಾರ ಅಶ್ವತ್ಥ ಜೀನ್ಸು ತೊಟ್ಟು ಬಚ್ಚಲಲ್ಲಿ ನಿಂತ, ರಾಧಾಮಣಿ ಹಂಡೆಯಿಂದ ಬಿಸಿನೀರು ಮೊಗೆದು ಸುರಿದಳು. ಬಳಿಕ ಅವನು ತಾರಸಿಯ ಮೇಲೆ ಕಾಲು ಅಗಲಿಸಿಕೊಂಡು ಬಿಸಿಲಿಗೆ ನಿಂತ. ಪಕ್ಕದ ಮನೆಯ ಪುಷ್ಪಾವತಿ ಸೆರಗು ಬಾಯಿಗೊತ್ತಿಕೊಂಡು, ‘ಏನಣ್ಣ, ನಿನ್ನ ನೀನೇ ಒಗ್ದು ಒಣಗಾಕ್ಕೊಂಡಿದ್ದೀಯಾ?’ ಎಂದಳು.

‘ಕ್ಲಿಪ್ಪು ಮರ್ತೋಯ್ತು ಕಣಮ್ಮ, ಒಂದು ಕೊಡು, ಗಾಳಿಗೆ ಹಾರೋಗ್ತೀನಿ.’

ಸಂಜೆಗೆ ಜೀನ್ಸು ಮೈಗೆ ಅಂಟಿದಂತೆ ಕೂತಿತು. ಅವನ ಕಾಲು ಎರಡು ದಿನ ನೀಲಿಯಾಗಿತ್ತು.

ಮಾರ್ಚಿಯಲ್ಲಿ ಬೆಲ್ಟಿಗೆ ಮೊದಲ ತೂತು ಬಿದ್ದಾಗ ರಾಧಾಮಣಿಗೆ ಸಂತೋಷವೇ ಆಯಿತು. ರಾ ಡೆನಿಮ್ ಸೊಂಟದಲ್ಲಿ ಒಂದಿಂಚು ಬಿಟ್ಟುಕೊಡುತ್ತದೆಂದು ಗೊತ್ತಿತ್ತು. ಬಟ್ಟೆ ಹೇಳಿದ ಹಾಗೆ ಕೇಳುತ್ತಿದೆ ಎಂದುಕೊಂಡಳು. ಏಪ್ರಿಲಿನಲ್ಲಿ ಎರಡನೆಯ ತೂತು. ಕೆಂಪಯ್ಯ ಊಟದ ಡಬ್ಬಿ ಒಯ್ಯಲು ಬಂದವನು, ‘ಅಕ್ಕ, ಅಣ್ಣನ ಪ್ಯಾಂಟೊಳಗೆ ಇನ್ನೊಬ್ಬ ಪ್ಯಾಸೆಂಜರ್ ಕೂರ್ಸಬೋದು’ ಎಂದ. ‘ಅದು ಬಟ್ಟೆಯ ಗುಣ ಕಣಪ್ಪ’ ಎಂದು ಅವಳು ವಿವರಿಸಿ ಹೇಳಿದಳು.

ಅದೇ ತಿಂಗಳು ಅಶ್ವತ್ಥ ರಾತ್ರಿ ಮುದ್ದೆ ಬೇಡ ಎನ್ನತೊಡಗಿದ. ‘ಗಂಟಲಲ್ಲಿ ಇಳಿಯಾಕಿಲ್ಲ ಕಣೆ. ಅನ್ನ ಮಜ್ಜಿಗೆ ಸಾಕು.’ ಬಿಸಿಲು ಜೋರಿತ್ತು, ಮದುವೆ ಕಾಲ, ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸೆಖೆಗೆ ಹಾಗಾಗಿದೆ ಎಂದು ಅವಳು ಮುದ್ದೆ ಮಾಡುವುದನ್ನೇ ನಿಲ್ಲಿಸಿದಳು.

ಜೂನ್ ಮೊದಲ ವಾರ ನವೀನ್ ಕುಮಾರ್ ಗುಂಡಿ ಹಾಕಿಸಲು ತನ್ನ ಜೀನ್ಸು ತಂದ. ಒಂದೇ ಥಾನಿನ ಬಟ್ಟೆ, ಒಂದೇ ವಾರ ಹೊಲಿದದ್ದು, ಅವನೂ ಬಿಡದೆ ತೊಟ್ಟಿದ್ದ. ಗುಂಡಿ ಹಾಕಿ, ಅಭ್ಯಾಸದಂತೆ ಸೊಂಟಕ್ಕೆ ಟೇಪು ಹಿಡಿದಳು. ಐದು ತಿಂಗಳಲ್ಲಿ ಹಿಗ್ಗಿದ್ದು ಮುಕ್ಕಾಲು ಇಂಚು. ಅವಳು ಟೇಪನ್ನು ತಿರುಗಿಸಿ ಮತ್ತೆ ಹಿಡಿದಳು. ಅಷ್ಟೇ ಬಂತು.

ಆ ಭಾನುವಾರ ಗಂಡನ ಜೀನ್ಸನ್ನು ಬಿಸಿನೀರಲ್ಲಿ ಅದ್ದಿದಳು. ‘ಆರು ತಿಂಗಳಾಗ್ಲಿಲ್ಲವಲ್ಲೇ’ ಎಂದು ಅವನು ಗೊಣಗಿದ. ಒಣಗಿದ ಮೇಲೆ ಅಳೆದಳು. ಸರಿಯಾಗಿ ಮೂವತ್ತನಾಲ್ಕು. ಬಟ್ಟೆ ಜನವರಿಯ ಜಾಗಕ್ಕೆ ವಾಪಸು ಬಂದಿತ್ತು.

‘ಹಾಕ್ಕೊಳ್ರೀ.’

ಹಾಕಿಕೊಂಡ. ಸೊಂಟಪಟ್ಟಿಯೊಳಗೆ ಅವಳ ಕೈ ಸಲೀಸಾಗಿ ಹೋಯಿತು. ಬನಿಯನ್ ಎತ್ತಿ ಬರಿಮೈಗೆ ಟೇಪು ಸುತ್ತಿದಳು. ಮೂವತ್ತು.

‘ಎಷ್ಟೈತೆ?’ ಎಂದ ಅಶ್ವತ್ಥ.

ರಾಧಾಮಣಿ ಟೇಪನ್ನು ಸುತ್ತಿ ಕೈಯಲ್ಲಿಟ್ಟುಕೊಂಡಳು. ‘ನಾಳೆ ತುಮಕೂರಿಗೆ ಹೋಗೋಣ. ಬಸ್ಸಿಗೆ ಬೇರೆ ಡ್ರೈವರ್ ಹಾಕ್ಕೊಳ್ಳಕ್ಕೆ ಹೇಳಿ.’

‘ಗ್ಯಾಸ್ಟ್ರಿಕ್ ಕಣೆ...’

‘ಹೇಳಿ ಅಂದೆ.’

ಡಾಕ್ಟರು ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಬಳಿಕ ಸ್ಕ್ಯಾನ್ ಆಯಿತು. ಅನ್ನನಾಳದಲ್ಲಿ ಕ್ಯಾನ್ಸರ್, ಲಿವರ್‌ವರೆಗೂ ಹರಡಿದೆ. ಯಾವಾಗಿನಿಂದ ಮೈ ಇಳಿಯುತ್ತಿದೆ ಎಂದು ಕೇಳಿದರು. ಅವನು ಗೊತ್ತಿಲ್ಲ ಎಂದ. ರಾಧಾಮಣಿ, ‘ಮಾರ್ಚಿ ಎರಡನೇ ವಾರದಿಂದ ಸಾರ್’ ಎಂದಳು.

‘ಇಷ್ಟು ಸರಿಯಾಗಿ ಗೊತ್ತಿದ್ದೂ ಯಾಕಮ್ಮ ಬರ್ಲಿಲ್ಲ?’

‘ಪ್ಯಾಂಟು ಹಿಗ್ತಾ ಐತೆ ಅಂದ್ಕೊಂಡಿದ್ದೆ.’

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಬಳಿಕ ಮತ್ತೆ ಬರೆದರು.

ವಾಪಸು ಬರುವಾಗ ಕೊರಟಗೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಶ್ವತ್ಥ ಕಿಟಕಿಯಿಂದ ಹೊರಗೆ ನೋಡುತ್ತಾ, ‘ನಿನ್ ತಪ್ಪಲ್ಲ ಬುಡು. ತೊಟ್ಟಿದ್ದೋನು ನಾನು, ನಂಗೇ ತಿಳೀಲಿಲ್ಲ’ ಎಂದ. ಬೇರೆಯವರ ಮೈಯಲ್ಲಾಗಿದ್ದರೆ ಅಂಗಡಿಗೆ ಬಂದ ಕೂಡಲೇ ರಾಧಾಮಣಿ ಟೇಪು ಹಿಡಿದು, ಮೈ ಇಳಿದಿದೆ ಎಂದು ಹೇಳುತ್ತಿದ್ದಳು. ಗಂಡನಿಗೆ ಬೆಲ್ಟಿನ ತೂತು ಹಾಕುವಾಗ ಮೂರು ಸಲವೂ ಬಟ್ಟೆಯನ್ನು ನೋಡಿದ್ದಳು, ಮೈಯನ್ನು ಅಳೆದಿರಲಿಲ್ಲ.

ಆಪರೇಷನ್ ಆಗುವುದಿಲ್ಲ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಊಟ ಇಳಿಯಲೆಂದು ಬರುವ ಗುರುವಾರ ಅನ್ನನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕುತ್ತಾರೆ.