ಹಸಿರು ಸುರುಳಿ

ನನ್ನ ಪಿಎಚ್‌.ಡಿ. ಮುಳುಗಿದ್ದು ಅಪ್ಪನ ಒಂದು ಮಾತಿನಿಂದ. ಅಪ್ಪ ಯಾದಗಿರಿ ಕಡೆಯಿಂದ ಪುಣೆಗೆ ಬಂದು, ಕಟ್ಟಡಗಳಿಗೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಗಟ್ಟಿಯಾಗುವ ತನಕ ಸ್ಲ್ಯಾಬನ್ನು ಹೊರುವ ಹಲಗೆಗಳನ್ನು, ಹೊಡೆಯುತ್ತಿದ್ದವರು. ಸಹಿ ಮಾಡಲೂ ಬಾರದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೋಲಿನಾಕಾರದ ಬ್ಯಾಕ್ಟೀರಿಯಾದೊಳಗೆ ಪೊರೆಗೆ ಅಂಟಿಕೊಂಡೇ ಇರುವ ಒಂದು ಪ್ರೋಟೀನು ನನ್ನ ವಿಷಯ. ಅದು ಇದ್ದರೆ ಕೋಲು, ಇಲ್ಲದಿದ್ದರೆ ಉಂಡೆ. ಹಾಗೇ ನೋಡಿದರೆ ಕಾಣುವುದಿಲ್ಲವೆಂದು, ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನು ಅದಕ್ಕೆ ಬಾಲದಂತೆ ಜೋಡಿಸಿದೆ. ಪೊರೆಯ ಒಳಮೈಗುಂಟ ಈ ತುದಿಯಿಂದ ಆ ತುದಿಯವರೆಗೆ ಹಸಿರು ಸುರುಳಿ! ಐದು ವರ್ಷದ ಥೀಸಿಸ್ಸೆಲ್ಲ ಅದರ ಮೇಲೆಯೇ ನಿಂತಿತ್ತು.

ಯೆರವಡಾದ ನಮ್ಮ ಒಂದೇ ಕೋಣೆಯಲ್ಲಿ ಅಪ್ಪ ಸೂಕ್ಷ್ಮದರ್ಶಕದಲ್ಲಿ ತೆಗೆದ ಆ ಸುರುಳಿಯ ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಪಕ್ಕ ತೂಗುಹಾಕಿದ್ದರು. ಬಂದವರಿಗೆಲ್ಲ, "ನಮ್ಮ ಮಗಳು ಕಂಡು ಹಿಡದಾಳ ನೋಡ್ರಿ" ಎನ್ನುವರು. ಒಂದು ಭಾನುವಾರ ನನ್ನನ್ನೇ ಕೇಳಿದರು.

"ಈ ಹೊಳಿಯೂದು ನೀನ ಹಚ್ಚಿದ್ದಲ್ಲವಾ?"

"ಹೌದಪ್ಪಾ. ಇಲ್ಲಂದ್ರ ಕಾಣಂಗಿಲ್ಲ."

"ಅದನ್ನ ತಗದ್ರೂ ಹಿಂಗ ಇರ್ತದೇನು? ಸೆಂಟ್ರಿಂಗ್ ಬಿಚ್ಚಿದ ಮ್ಯಾಲೂ ನಿಂತ್ರನ ಅದು ಸ್ಲ್ಯಾಬು."

ನಕ್ಕುಬಿಟ್ಟೆ. ಒಳಗೆ ಮಾತ್ರ ಸಿಟ್ಟು ಬಂತು, ಅಪ್ಪನ ಮೇಲಲ್ಲ, ಐದು ವರ್ಷ ಇದನ್ನು ಕೇಳಿಕೊಳ್ಳದ ನನ್ನ ಮೇಲೆ.

ಮರುದಿನ ಬಾಲ ಜೋಡಿಸದ ಬ್ಯಾಕ್ಟೀರಿಯಾ ಬೆಳೆಸಿ, ಇದ್ದದ್ದು ಇದ್ದಲ್ಲೇ ನಿಲ್ಲುವಂತೆ ಕೊಂದು, ಆಮೇಲೆ ಆ ಪ್ರೋಟೀನಿಗಷ್ಟೇ ಹಿಡಿಯುವ ಬಣ್ಣ ಹಾಕಿ ನೋಡಿದೆ. ಸುರುಳಿ ಇರಲಿಲ್ಲ. ಪೊರೆಯಂಚಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ. ಮೂರು ಸಲ ಮಾಡಿದರೂ ಅದೇ. ನಾನು ಜೋಡಿಸಿದ ಬಾಲವೇ ಪ್ರೋಟೀನನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಮಾಡಿತ್ತು. ಐದು ವರ್ಷ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದಿದ್ದೆ.

ಹಳೆಯ ಚಿತ್ರಗಳನ್ನೇ ಇಟ್ಟು ಥೀಸಿಸ್ ಕೊಟ್ಟುಬಿಡು, ಯಾರೂ ನೋಡುವುದಿಲ್ಲ ಎಂದರು ಗೈಡ್. ನನ್ನಿಂದಾಗಲಿಲ್ಲ. ಹೊಸದಾಗಿ ಶುರುಮಾಡಲು ಅವಧಿಯೂ ಉಳಿದಿರಲಿಲ್ಲ. ದೇಹೂ ರೋಡಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಲು ಸೇರಿದೆ. ಕೆಲಸ ಸಿಕ್ಕಿದ್ದನ್ನು ಮನೆಯಲ್ಲಿ ಹೇಳಿದೆ, ಉಳಿದದ್ದನ್ನು ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ.

ಆ ದೀಪಾವಳಿಗೆ ಊರಿನ ನೆಂಟರು ಬಂದಿದ್ದರು. ಅಪ್ಪ ಎಂದಿನಂತೆ ಚಿತ್ರದತ್ತ ಕೈಯೆತ್ತಿದವರು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ನೆಂಟರು ಹೋದ ಮೇಲೆ ಮೆಲ್ಲಗೆ ಕೇಳಿದರು.

"ಬಿಚ್ಚಿ ನೋಡಿದೇನವಾ?"

"ನಿಲ್ಲಲಿಲ್ಲಪ್ಪಾ."

ಅಪ್ಪ ಚಿತ್ರವನ್ನು ಗೋಡೆಯಿಂದ ಇಳಿಸಲಿಲ್ಲ. ಆದರೆ ತಾವು ಬದುಕಿರುವಷ್ಟು ದಿನ ಅದನ್ನು ಯಾರಿಗೂ ತೋರಿಸಲಿಲ್ಲ.