ಬರೋಡಾ ಮನೆಯ ಫೈರ್‌ಪ್ಲೇಸ್

ಇವರಿಗೆ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಆಗಿ ಬರೋಡಾಕ್ಕೆ ಹೋದಾಗ ನಮಗೆ ಸಿಕ್ಕಿದ್ದು ಇಂಗ್ಲಿಷರ ಕಾಲದ ಒಂದು ಬಾಡಿಗೆ ಬಂಗಲೆ. ಹಾಲ್‌ನಲ್ಲಿ ಫೈರ್‌ಪ್ಲೇಸ್, ಅದರ ಮೇಲೆ ಛಾವಣಿ ದಾಟಿ ಹೋದ ಇಟ್ಟಿಗೆಯ ಚಿಮಣಿ. ಕಾನ್ವೆಂಟಿನಲ್ಲಿ ಓದಿದ ಸ್ಟೋರಿಬುಕ್ಕುಗಳಲ್ಲೆಲ್ಲ ಫೈರ್‌ಪ್ಲೇಸ್ ಇರುತ್ತಿತ್ತಲ್ಲ, ನನಗೆ ಅದೆಂದರೆ ಒಂಥರಾ ಜಂಬ. ಬರೋಡಾದ ಸೆಕೆಯಲ್ಲಿ ಒಮ್ಮೆಯೂ ಹೊತ್ತಿಸಿರಲಿಲ್ಲ, ಅಷ್ಟೆ.

ಎರಡು ಸಾವಿರದ ಒಂದರ ಭೂಕಂಪದಲ್ಲಿ ಆ ಚಿಮಣಿ ಉದ್ದಕ್ಕೂ ಬಿರುಕು ಬಿಟ್ಟಿತು. ಆಮೇಲೆ ರಸ್ತೆಯಲ್ಲಿ ಲಾರಿ ಹೋಗಿ ಕಿಟಕಿ ಅದುರಿದರೂ ನಾನು ಅಂಗಳಕ್ಕೆ ಓಡುತ್ತಿದ್ದೆ. ಅದೊಂದನ್ನು ತೆಗೆಸಿದರೆ ನೆಮ್ಮದಿಯಾಗಿರುತ್ತೇನೆ ಎಂದು ಓನರ್ ಹಿಂದೆ ಬಿದ್ದು ಮೇಸ್ತ್ರಿಯನ್ನು ಕರೆಸಿದೆ.

ಅವನು ಸುತ್ತಿಗೆ ಎತ್ತಿದ್ದೇ ನನಗೇನಾಯಿತೋ, "ಒನ್ ಮಿನಿಟ್, ಒಂದೇ ಒಂದು ಸಲ ಹೊತ್ತಿಸ್ತೀನಿ" ಎಂದೆ.

"ತೆಗೆಸಿ ತೆಗೆಸಿ ಅಂತ ಪ್ರಾಣ ತಿಂದೆ. ಈಗ ಅದಕ್ಕೆ ಆರತೀನಾ?" ಎಂದರು ಇವರು.

ಹಳೇ ಪೇಪರ್, ತೆಂಗಿನ ಚಿಪ್ಪು ಒಟ್ಟಿ ಕಡ್ಡಿ ಗೀರಿದೆ. ಹೊಗೆ ಮೇಲೆ ಹೋಗುವ ಬದಲು ಹಾಲ್‌ಗೇ ನುಗ್ಗಿತು. ಮೇಸ್ತ್ರಿ ಕೆಮ್ಮುತ್ತಾ, ಅಲ್ಲಿಯವರು ಅಕ್ಕಾ ಎನ್ನುವ ಹಾಗೆ, "ಬೆನ್, ಇದರ ಮೇಲಿನ ಬಾಯಿ ಮುಚ್ಚಿ ಎಷ್ಟೋ ವರ್ಷ ಆಯ್ತು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದ. ಹೌ ಸಿಲ್ಲಿ ಎಂದು ನಾನೂ ಕಣ್ಣೊರೆಸಿಕೊಂಡು ನಕ್ಕೆ.

ಎರಡು ದಿನದಲ್ಲಿ ಅಲ್ಲಿ ಬರೀ ಗೋಡೆ ಉಳಿಯಿತು. ಮೂರನೆಯ ದಿನ ಲಾರಿಯೊಂದು ಹಾದುಹೋದಾಗ ನೋಡಿದರೆ ನಾನು ಮತ್ತೆ ಅಂಗಳದಲ್ಲಿದ್ದೆ.

"ಈಗ ಬೀಳೋದಕ್ಕೆ ಏನಿದೆ, ಮಾರಾಯ್ತಿ?" ಒಳಗಿಂದ ಇವರು ಕೇಳಿದರು.

ಬರಿಗಾಲಲ್ಲಿ ಅಲ್ಲೇ ನಿಂತು ಛಾವಣಿಯನ್ನು ನೋಡುತ್ತಿದ್ದೆ.